ಮಂತ್ರಿಗಳ ಕಡತದಲ್ಲಿ ಇಲ್ಲದ ಹಾಳೆ

ಊರಿಗೆ ಅಮಲ್ದಾರರು ಬರ್ತಾರೆ ಅಂದರೆ ಹಿಂದೆ ಏನೇನಾಗುತ್ತಿತ್ತು ಅನ್ನುವುದು ನಮ್ಮ ಕೇರಿಯ ಹಿರಿಯರಿಗೆಲ್ಲ ಗೊತ್ತು. ಹಿಂದಿನ ದಿನವೇ ಕೂಗು ಬೀಳುತ್ತಿತ್ತು. ಚಾವಡಿಗೆ ಸುಣ್ಣ, ಬೀದಿಗೆ ನೀರು, ಬಾಗಿಲಿಗೆ ಮಾವಿನ ತೋರಣ. ಸುಣ್ಣ ಕಲಸುವವರು ನಾವು, ಬೀದಿ ಗುಡಿಸುವವರು ನಾವು, ತೋರಣಕ್ಕೆ ಸೊಪ್ಪು ತರುವವರು ನಾವು. ಸಾಹೇಬರ ಜೀಪು ಬಂದ ಹೊತ್ತಿಗೆ ಮಾತ್ರ ನಾವು ಅಲ್ಲಿ ಇರಕೂಡದು. ಇದ್ದರೂ ಬಾಯಿ ಬಿಡಕೂಡದು. ಊರಿನ ಪರವಾಗಿ ಪಟೇಲರು ಮಾತಾಡುತ್ತಿದ್ದರು: "ನಮ್ಮೂರಲ್ಲಿ ಯಾವ ತಕರಾರೂ ಇಲ್ಲ ಸ್ವಾಮಿ, ಎಲ್ಲಾರೂ ಅಣ್ತಮ್ಮಂದ್ರಂಗೆ ಇದ್ದೀವಿ."

ಮಂತ್ರಿಯೊಬ್ಬರು ಸರ್ಕಾರದ ಪರವಾಗಿ ಪರದೇಶಕ್ಕೆ ಹೋಗುವುದು ಎಷ್ಟೋ ಸಲ ಇದೇ ಆಟದ ದೊಡ್ಡ ರೂಪ. ಅಲ್ಲಿ ಸಾಹೇಬರು ಊರಿಗೆ ಬರುತ್ತಿದ್ದರು. ಇಲ್ಲಿ ಊರೇ ಸಾಹೇಬರ ಸಭೆಗೆ ಹೋಗುತ್ತದೆ. ಗೋಡೆಯನ್ನು ಹೊತ್ತುಕೊಂಡು ಹೋಗುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಸುಣ್ಣವನ್ನು ಮಂತ್ರಿಯ ನಾಲಿಗೆಗೆ ಬಳಿಯುತ್ತಾರೆ.

ಹೇಗೆ ಬಳಿಯುತ್ತಾರೆ ನೋಡೋಣ. ದೆಹಲಿಯ ವಿದೇಶಾಂಗ ಖಾತೆಯಲ್ಲಿ ಜಗತ್ತಿನ ಒಂದೊಂದು ಭಾಗಕ್ಕೆ ಒಂದೊಂದು ವಿಭಾಗ ಇದೆ, ವಿಶ್ವಸಂಸ್ಥೆಯ ವ್ಯವಹಾರಕ್ಕೆ ಬೇರೆ ವಿಭಾಗ ಇದೆ. ಪ್ರವಾಸ ಗೊತ್ತಾದ ಕೂಡಲೇ ಕಡತ ತೆರೆಯುತ್ತಾರೆ. ಕೆಳಗಿನ ಅಧಿಕಾರಿ ಬರೆದದ್ದು ಜಂಟಿ ಕಾರ್ಯದರ್ಶಿಗೆ, ಅಲ್ಲಿಂದ ಕಾರ್ಯದರ್ಶಿಗೆ ಹತ್ತಿ, ತಿದ್ದಿಸಿಕೊಂಡು, ಕೊನೆಗೆ ಮಂತ್ರಿಯ ಕೈಗೆ ಬರುತ್ತದೆ. ಎದುರಿಗೆ ಕೂರುವವರು ಯಾರು, ಅವರ ಹಿಂದುಮುಂದೇನು, ಹೋದಸಲ ಏನು ಮಾತಾಗಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ನಾವಾಗಿ ಎತ್ತಬೇಕಾದ ಮಾತು ಒಂದು ಪಟ್ಟಿ. ಅವರು ಎತ್ತಿದರೆ ಮಾತ್ರ ಆಡಬೇಕಾದ ಮಾತು ಇನ್ನೊಂದು ಪಟ್ಟಿ. ಸಭೆಯಲ್ಲಿ ಓದುವ ಭಾಷಣವೂ ಅದರಲ್ಲೇ ಇರುತ್ತದೆ. ಮಂತ್ರಿ ಅದನ್ನು ವಿಮಾನದಲ್ಲಿ ಓದಿಕೊಂಡರೂ ಸಾಕು, ಇಳಿದಾಗ ಆತ ದೇಶವಾಗಿರುತ್ತಾನೆ.

ಈ ತಯಾರಿಯೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಕೋಟ್ಯಂತರ ಜನರ ಪರವಾಗಿ ಮಾತಾಡುವವನು ಬಾಯಿಗೆ ಬಂದದ್ದು ಆಡಬಾರದು. ಗಡಿಯ ವಿಷಯ ಇದೆ, ನದಿ ನೀರಿನ ವಿಷಯ ಇದೆ, ಕೊಲ್ಲಿ ದೇಶಗಳಲ್ಲಿ ಬೆವರು ಸುರಿಸುವ ನಮ್ಮ ಕೂಲಿಗಳ ಸಂಬಳದ ವಿಷಯ ಇದೆ. ಇದನ್ನೆಲ್ಲ ತಿಳಿಯದೆ ಹೋಗುವ ಮಂತ್ರಿ ತನ್ನನ್ನೂ ಮುಳುಗಿಸಿ ನಮ್ಮನ್ನೂ ಮುಳುಗಿಸುತ್ತಾನೆ. ನಮ್ಮ ಪ್ರಶ್ನೆ ಬೇರೆ. ಆ ಕಡತದ ತುಂಬ ‘ನಮ್ಮ ನಿಲುವು’, ‘ನಮ್ಮ ದೇಶ’, ‘ನಮ್ಮ ಗೌರವ’ ಎಂದಿರುತ್ತದಲ್ಲ, ಆ ‘ನಮ್ಮ’ ಎಂಬುದರೊಳಗೆ ಯಾರಿದ್ದಾರೆ? ಒಂದು ಮನೆಯ ಮಾನ ಕಾಯಬೇಕಾದದ್ದು ಮನೆಯವರೆಲ್ಲರ ಧರ್ಮ ಅನ್ನುತ್ತಾರೆ. ಜಗಲಿಯನ್ನೇ ಹತ್ತಲು ಬಿಡದಿದ್ದವರಿಗೂ ಆ ಧರ್ಮ ಅಂಟುತ್ತದೆಯೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಕೇಳಿದರೆ ಪ್ರಯೋಜನ ಇಲ್ಲ. ನಡೆದ ಒಂದು ಪ್ರಸಂಗ ಇಟ್ಟುಕೊಂಡೇ ಕೇಳುತ್ತೇವೆ.

2001ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ವಿಶ್ವಸಂಸ್ಥೆ ಒಂದು ಸಮ್ಮೇಳನ ನಡೆಸಿತು. ವರ್ಣಭೇದದ ವಿರುದ್ಧ, ಜನಾಂಗ ತಾರತಮ್ಯದ ವಿರುದ್ಧ, ಪರಕೀಯರ ಮೇಲಿನ ದ್ವೇಷದ ವಿರುದ್ಧ ಜಗತ್ತಿನ ಸರ್ಕಾರಗಳೆಲ್ಲ ಕೂತು ಮಾತಾಡುವ ಸಭೆ. ನಮ್ಮ ದೇಶದ ದಲಿತ ಕಾರ್ಯಕರ್ತರು ನೂರಕ್ಕೂ ಹೆಚ್ಚು ಮಂದಿ ಅಲ್ಲಿಗೆ ಹೋದರು. ಅವರು ಕೇಳಿದ್ದು ಒಂದೇ: ಹುಟ್ಟಿನ ಕಾರಣಕ್ಕೆ, ಮಾಡುವ ಕಸುಬಿನ ಕಾರಣಕ್ಕೆ ಮನುಷ್ಯರನ್ನು ಹೀನ ಮಾಡುವುದೂ ಈ ಪಟ್ಟಿಯಲ್ಲಿ ಬರಲಿ. ಭಾರತ ಸರ್ಕಾರ ಅದು ಬರಕೂಡದು ಎಂದು ಹಠ ಹಿಡಿಯಿತು. ಸಮ್ಮೇಳನದಲ್ಲಿ ಭಾರತದ ಪರವಾಗಿ ಮಾತಾಡಿದವರು ಆಗ ವಿದೇಶಾಂಗ ಖಾತೆಯ ರಾಜ್ಯ ಮಂತ್ರಿಯಾಗಿದ್ದ ಓಮರ್ ಅಬ್ದುಲ್ಲಾ. ಜಾತಿಯ ವಿಷಯ ಈ ಸಮ್ಮೇಳನದಲ್ಲಿ ಚರ್ಚೆಗೆ ತಕ್ಕದ್ದಲ್ಲ, ಒಂದೊಂದು ದೇಶದ ಒಳಗೆ ಸಮಾಜವನ್ನು ತಿದ್ದುವುದಕ್ಕೆ ನಾವಿಲ್ಲಿ ಸೇರಿಲ್ಲ ಎಂಬುದು ಅವರ ಮಾತಿನ ತಿರುಳು. ಕೊನೆಗೆ ಸರ್ಕಾರಗಳು ಒಪ್ಪಿದ ಘೋಷಣೆಯಲ್ಲಿ ಜಾತಿ ಎಂಬ ಪದ ಬರಲಿಲ್ಲ.

ಇದರಲ್ಲಿ ಒಂದು ಸಣ್ಣ ಸಂಗತಿ ಇದೆ, ಗಮನಿಸಿ. ಆ ಮಂತ್ರಿ ವಿದೇಶಾಂಗ ಖಾತೆಗೆ ಬಂದದ್ದು 2001ರ ಜುಲೈನಲ್ಲಿ. ಡರ್ಬನ್ನಿಗೆ ಹೋದಾಗ ಎರಡು ತಿಂಗಳೂ ತುಂಬಿರಲಿಲ್ಲ. ಆದರೆ ಅವರ ಬಾಯಲ್ಲಿ ಬಂದ ನಿಲುವು 1996ರಲ್ಲೇ ಬರೆದಾಗಿತ್ತು. ಆ ವರ್ಷ ವರ್ಣಭೇದ ನಿವಾರಣೆಯ ವಿಶ್ವಸಂಸ್ಥೆ ಸಮಿತಿಗೆ ಕೊಟ್ಟ ವರದಿಯಲ್ಲಿ ಜಾತಿ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಭಾರತ ಸರ್ಕಾರ ವಾದಿಸಿತ್ತು. 1996ರ ಸರ್ಕಾರ ಬೇರೆ, 2001ರ ಸರ್ಕಾರ ಬೇರೆ, ಮತ್ತೆ ಇದೇ ಮಾತನ್ನು ಆಡಿದ 2007ರ ಸರ್ಕಾರ ಬೇರೆ. ಬಾವುಟ ಬದಲಾಯಿತು, ಟೋಪಿ ಬದಲಾಯಿತು, ಕಡತ ಬದಲಾಗಲಿಲ್ಲ. ಅಂದಮೇಲೆ ಒಬ್ಬ ಮಂತ್ರಿಯನ್ನು ಬೈದು ಸುಮ್ಮನಾಗುವುದು ನಮಗೆ ಸುಲಭದ ದಾರಿ. ಮಂತ್ರಿ ಕಡತವನ್ನು ಒಯ್ಯುತ್ತಾನೆ ಅಂತ ನಾವು ತಿಳಿದಿದ್ದೇವೆ. ನಿಜವಾಗಿ ಕಡತವೇ ಮಂತ್ರಿಯನ್ನು ಒಯ್ಯುತ್ತದೆ.

ಆ ಕಡತದಿಂದ ನಾಲಿಗೆಗೆ ಇಳಿದ ಮಾತುಗಳು ಮುಖ್ಯವಾಗಿ ಮೂರು. ಒಂದು, ಜಾತಿ ಅಂದರೆ ರೇಸ್ ಅಲ್ಲ. ಎರಡು, ಇದು ನಮ್ಮ ಮನೆಯೊಳಗಿನ ವಿಷಯ. ಮೂರು, ನಮ್ಮಲ್ಲಿ ಕಾನೂನು ಇದೆ. ಮೂರನ್ನೂ ಒಂದೊಂದಾಗಿ ಕೈಗೆತ್ತಿಕೊಳ್ಳುತ್ತೇವೆ. ಯಾಕೆಂದರೆ ಮೂರರಲ್ಲೂ ನಿಜ ಇದೆ, ಅದೇ ಅದರ ಅಪಾಯ.

ಜಾತಿ ರೇಸ್ ಅಲ್ಲ ಅನ್ನುವುದು ನಿಜ. ಇದನ್ನು ದೆಹಲಿಯ ಅಧಿಕಾರಿಗಳಿಗಿಂತ ಅರವತ್ತು ವರ್ಷ ಮೊದಲೇ ಹೇಳಿದವರು ಬಾಬಾಸಾಹೇಬರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಬುಡದವರು ಎಂದು ವಾದಿಸಿದರು. ಆದರೆ ಅವರು ಅದನ್ನು ಯಾಕೆ ಹೇಳಿದರು? ರಕ್ತದ ಶುದ್ಧಿಗಾಗಿ ಜಾತಿ ಹುಟ್ಟಿತು ಅನ್ನುವವರ ಬಾಯಿ ಮುಚ್ಚಿಸುವುದಕ್ಕೆ. ಜಾತಿಗೆ ಯಾವ ಸಮರ್ಥನೆಯೂ ಉಳಿಯದಂತೆ ಮಾಡುವುದಕ್ಕೆ. ಅದೇ ಮಾತನ್ನು ಡರ್ಬನ್ನಿನಲ್ಲಿ ಆಡಿದ್ದು ಜಾತಿಯ ಬಗ್ಗೆ ಯಾರೂ ಬಾಯಿ ಬಿಡದ ಹಾಗೆ ಮಾಡುವುದಕ್ಕೆ. ಒಂದೇ ಕುಡುಗೋಲು. ಒಬ್ಬರು ಅದರಲ್ಲಿ ಕಳೆ ಕೊಯ್ದರು, ಇನ್ನೊಬ್ಬರು ಅದನ್ನು ಹಿಡಿದು ಬಾಗಿಲಲ್ಲಿ ನಿಂತರು.

ಸಮಾಜಶಾಸ್ತ್ರಜ್ಞರಲ್ಲೂ ಪ್ರಾಮಾಣಿಕರು ಇದನ್ನು ವಿರೋಧಿಸಿದ್ದರು. ಆಂದ್ರೆ ಬೆತೈ ಅಂಥವರು ಜಾತಿಯನ್ನು ರೇಸ್ ಎಂದು ಕರೆಯುವುದು ಶಾಸ್ತ್ರಕ್ಕೆ ವಿರುದ್ಧ ಎಂದು 2001ರಲ್ಲಿ ಬರೆದರು. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಮೂಗಿನ ಉದ್ದ, ತಲೆಬುರುಡೆಯ ಸುತ್ತಳತೆ ಅಳೆದು ಮನುಷ್ಯರನ್ನು ವಿಂಗಡಿಸಿದ ಬಿಳಿಯರ ಹುಸಿ ಶಾಸ್ತ್ರಕ್ಕೆ ನಾವು ಮತ್ತೆ ಬಾಗಿಲು ತೆರೆಯಬಾರದು. ಆದರೆ ಉರಿಯುವ ಗುಡಿಸಲಿನ ಮುಂದೆ ನಿಂತು ಇದು ಯಾವ ಜಾತಿಯ ಬೆಂಕಿ ಎಂದು ಶಾಸ್ತ್ರ ತೆಗೆಯುವುದು ವಿದ್ವತ್ತಲ್ಲ. ನಮ್ಮದೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅದೇ ಡರ್ಬನ್ನಿನಲ್ಲಿ ಸರ್ಕಾರಕ್ಕಿಂತ ಬೇರೆ ಮಾತಾಡಿತು. ತಾರತಮ್ಯಕ್ಕೆ ಏನು ಹೆಸರಿಡುತ್ತೀರಿ ಅನ್ನುವುದಲ್ಲ, ಅದು ಇನ್ನೂ ಇದೆಯಲ್ಲ ಅನ್ನುವುದು ಮುಖ್ಯ ಎಂಬುದು ಆಯೋಗದ ನಿಲುವು. ಅದೂ ಇದೇ ದೇಶದ ಸಂಸ್ಥೆ, ಸಂಸತ್ತಿನ ಕಾನೂನಿನಿಂದ ಹುಟ್ಟಿದ್ದು. ಅದು ಸತ್ಯ ಹೇಳಿದ್ದರಿಂದ ಆಕಾಶ ಕಳಚಿ ಬೀಳಲಿಲ್ಲ.

ಇನ್ನೊಂದು ಮಾತು. ಕಡತ ಇಂಗ್ಲಿಷಿನಲ್ಲಿ ಇದ್ದದ್ದಕ್ಕೆ ನಡೆಯಿತು. ಅದನ್ನು ಕನ್ನಡದಲ್ಲಿ ಹೇಳಿ ನೋಡಿ. ಜಾತಿ ಜನಾಂಗವಲ್ಲ ಅಂತ ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಹೇಳಿದರೆ ಜನ ನಗುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವನು ನಮ್ಮ ಜಾತಿಯನ್ನು ಮರ್ಯಾದೆಯಿಂದ ಕೇಳುವುದೇ "ನೀವು ಯಾವ ಜನಾಂಗ?" ಅಂತ. ಬರೀ "ಯಾವ ಜನ?" ಅಂದರೂ ಅದೇ ಪ್ರಶ್ನೆ. ಬಿಳಿಯರು ಕರಿಯರನ್ನು ಬೇರೆ ಇಟ್ಟ ಪದ್ಧತಿಗೆ ನಮ್ಮ ಭಾಷೆ ಕೊಟ್ಟ ಹೆಸರು ವರ್ಣಭೇದ ನೀತಿ. ದೂರದ ಆಫ್ರಿಕಾದ ಅನ್ಯಾಯವನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಕನ್ನಡ ತನ್ನ ಮನೆಯಲ್ಲೇ ಇದ್ದ ‘ವರ್ಣ’ವನ್ನು ಎತ್ತಿಕೊಟ್ಟಿತು. ವರ್ಣಭೇದದ ವಿರುದ್ಧ ನಡೆಯುವ ಸಭೆಯಲ್ಲಿ ವರ್ಣದ ಮಾತು ಎತ್ತಬಾರದು ಎಂಬ ವಾಕ್ಯ ಕನ್ನಡದಲ್ಲಿ ಬರೆದರೆ ನಿಲ್ಲುವುದೇ ಇಲ್ಲ. ಭಾಷಾಂತರಕ್ಕೆ ಹೆದರುವ ಸತ್ಯ ಎಂಥ ಸತ್ಯ?

ಎರಡನೆಯದು, ಮನೆಯೊಳಗಿನ ವಿಷಯ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಡರ್ಬನ್ ನಮಗೆ ಅಪರಿಚಿತ ಊರಲ್ಲ. 1860ರಲ್ಲಿ ಮದರಾಸಿನಿಂದ ಹೊರಟ ಹಡಗು ಕರಾರಿನ ಕೂಲಿಗಳನ್ನು ಇಳಿಸಿದ್ದು ಅದೇ ದಡದಲ್ಲಿ. ಕಬ್ಬಿನ ತೋಟಕ್ಕೆ ಬೆನ್ನು ಬಗ್ಗಿಸಲು ಹೋದ ಆ ಜನರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಲ್ಲಿ ಇಂಥ ಕಡೆ ಭೂಮಿ ಕೊಳ್ಳಕೂಡದು, ಇಂಥ ಕಡೆ ವಾಸ ಮಾಡಕೂಡದು ಎಂಬ ಕಾನೂನು ಬಂತು. 1946ರಲ್ಲಿ ಭಾರತ ಈ ಅನ್ಯಾಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ವಿಜಯಲಕ್ಷ್ಮಿ ಪಂಡಿತರು ನಿಯೋಗದ ನಾಯಕಿ. ಎದುರಿಗೆ ದಕ್ಷಿಣ ಆಫ್ರಿಕಾದ ಸ್ಮಟ್ಸ್. ಇದು ನಮ್ಮ ದೇಶದ ಆಂತರಿಕ ವಿಷಯ, ನೀವು ಕೈ ಹಾಕಬೇಡಿ ಎಂಬುದು ದಕ್ಷಿಣ ಆಫ್ರಿಕಾದ ವಾದ. ಮನುಷ್ಯರನ್ನು ಹುಟ್ಟಿನಿಂದ ಕೀಳು ಮಾಡುವುದು ಯಾರೊಬ್ಬರ ಮನೆ ವಿಷಯವೂ ಅಲ್ಲ ಎಂಬುದು ಭಾರತದ ವಾದ. 1946ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಭಾರತದ ಪರ ನಿರ್ಣಯ ಮಾಡಿತು. ಆ ದಿನದ ಬಗ್ಗೆ ನಮಗೂ ಹೆಮ್ಮೆ ಇದೆ. ಐವತ್ತೈದು ವರ್ಷ ಕಳೆದ ಮೇಲೆ ಸ್ಮಟ್ಸ್ ಆಡಿದ ಮಾತನ್ನು ಅವನ ದೇಶದಲ್ಲೇ, ಆ ಕೂಲಿಗಳು ಇಳಿದ ಊರಲ್ಲೇ ಭಾರತ ಆಡಿತು. ಅಷ್ಟು ಹೊತ್ತಿಗೆ ದಕ್ಷಿಣ ಆಫ್ರಿಕಾ ಆ ಮಾತನ್ನು ಬಿಟ್ಟುಕೊಟ್ಟಿತ್ತು.

ಇನ್ನೊಂದು ಇದೆ. 1965ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ವರ್ಣಭೇದವನ್ನು ತೊಡೆಯುವ ಒಪ್ಪಂದ ಮಾಡಿದಾಗ ಅದರ ಮೊದಲನೆಯ ವಿಧಿಯಲ್ಲಿ ಬಣ್ಣ, ಜನಾಂಗ, ರಾಷ್ಟ್ರೀಯ ಮೂಲ ಇವುಗಳ ಜತೆಗೆ ‘ವಂಶ’ ಎಂಬ ಪದವನ್ನೂ ಸೇರಿಸಿ ಎಂದು ಸೂಚಿಸಿದ್ದು ಭಾರತವೇ. ವಂಶ ಅಂದರೆ ಹುಟ್ಟಿದ ಮನೆ. ಹುಟ್ಟಿದ ಮನೆಯಿಂದ ಮನುಷ್ಯನಿಗೆ ಶಿಕ್ಷೆ ಆಗುವುದು ಹೇಗೆ ಅನ್ನುವುದು ಭಾರತಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಮುಂದೆ ಆ ಪದದಲ್ಲಿ ಜಾತಿ ಸೇರುವುದಿಲ್ಲ ಎಂದು ಭಾರತವೇ ವಾದಿಸಿತು. ಸಮಿತಿ 1996ರಲ್ಲೂ ಒಪ್ಪಲಿಲ್ಲ. 2002ರಲ್ಲಿ ವಂಶ ಎಂಬುದರಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟವಾಗಿ ಬರೆಯಿತು. ಡರ್ಬನ್ ಘೋಷಣೆಯಲ್ಲೂ ಜಾತಿ ಬರಲಿಲ್ಲ, ವಂಶ ಉಳಿಯಿತು. ನಾವು ನಮ್ಮ ಕೈಯಾರೆ ನೆಟ್ಟ ಗಿಡ, ನೆರಳು ಕೊಡುವ ಹೊತ್ತಿಗೆ ನಮ್ಮದಲ್ಲ ಅಂದೆವು.

ಮನೆಯೊಳಗಿನ ವಿಷಯ ಮನೆಯೊಳಗೆ ಉಳಿಯಿತೇ ಅಂದರೆ ಅದೂ ಇಲ್ಲ. ಜಾತಿ ಯಾವ ಮಂತ್ರಿಯ ಅಪ್ಪಣೆಗೂ ಕಾಯಲಿಲ್ಲ. ತಾನೇ ಪಾಸ್‌ಪೋರ್ಟ್ ಮಾಡಿಸಿಕೊಂಡು ವಿಮಾನ ಹತ್ತಿತು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರದ ಸಭೆ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸಬೇಕಾಯಿತು. ಕಂಪ್ಯೂಟರ್ ಓದಿದ ಜಾಣರು ಹೋದ ಕಡೆ ಅದನ್ನೂ ಗಂಟು ಕಟ್ಟಿಕೊಂಡು ಹೋಗಿದ್ದಾರೆ. ಅವರಲ್ಲಿ ನಮ್ಮ ಕನ್ನಡದವರೂ ಇಲ್ಲದೆ ಇಲ್ಲ.

ಮೂರನೆಯದು, ಕಾನೂನು. ಇದು ಕಡತದ ಬಲವಾದ ಹಾಳೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾಯಿದೆ ಇದೆ. 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ತಲೆ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದ 1993ರ ಕಾಯಿದೆ ಇದೆ. ಮೀಸಲಾತಿ ಇದೆ. ಇದೆಲ್ಲ ಸುಳ್ಳಲ್ಲ. ಬಾಬಾಸಾಹೇಬರ ಕೈಯ ಸಂವಿಧಾನವನ್ನು ಯಾರಾದರೂ ಹೊರದೇಶದಲ್ಲಿ ಹೊಗಳಿದರೆ ನಮ್ಮ ಎದೆಯೂ ಉಬ್ಬುತ್ತದೆ. ಆದರೆ ಈ ಕಾನೂನುಗಳ ಪಟ್ಟಿ ಅಂದರೆ ರೋಗಿಯ ಔಷಧಿ ಚೀಟಿ. ಚೀಟಿ ತೋರಿಸಿ ರೋಗ ಇಲ್ಲ ಅನ್ನುವುದಕ್ಕೆ ಬರುತ್ತದೆಯೇ?

ಡರ್ಬನ್ನಿಗೆ ಒಂದೂವರೆ ವರ್ಷ ಮೊದಲು, 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 1989ರ ಕಾಯಿದೆ ಆಗಲೂ ಇತ್ತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆಪಾದಿತರೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಯಾರೂ ಇಲ್ಲ. ನಮ್ಮದೇ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲೇ ಮಂತ್ರಿ ಬಿ. ಬಸವಲಿಂಗಪ್ಪನವರು ಕ್ರಮ ತೆಗೆದುಕೊಂಡಿದ್ದರು. ಅದಾಗಿ ಮೂರು ದಶಕ ದಾಟಿದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಕಾನೂನು ಇದೆ ಎಂಬ ವಾಕ್ಯದ ಮುಂದೆ ಸವಣೂರಿನ ಆ ದಿನವನ್ನು ಇಟ್ಟು ಓದಿ. ಒಂದು ಅಕ್ಷರವೂ ಸುಳ್ಳಿಲ್ಲದ ಹಾಳೆ ಹೇಗೆ ದೊಡ್ಡ ಸುಳ್ಳಾಗುತ್ತದೆ ಅನ್ನುವುದು ಆಗ ತಿಳಿಯುತ್ತದೆ.

ಸುಳ್ಳು ಅಂದರೆ ಇಲ್ಲದ್ದನ್ನು ಇದೆ ಅನ್ನುವುದು ಮಾತ್ರ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಇರುವ ನಿಜಗಳನ್ನೇ ಆರಿಸಿ, ಜೋಡಿಸಿ, ಅವುಗಳ ಹಿಂದೆ ಮನುಷ್ಯರನ್ನು ಅಡಗಿಸುವುದೂ ಸುಳ್ಳೇ. ಅದು ಓದಿದವರ ಸುಳ್ಳು. ಅದಕ್ಕೆ ಪ್ರಮಾಣ ಮಾಡಿದರೂ ಪಾಪ ತಟ್ಟುವುದಿಲ್ಲ ಎಂದು ಅವರು ನಂಬಿದ್ದಾರೆ.

ಇಲ್ಲಿ ನಮ್ಮ ಎದುರಿನವರ ಮಾತನ್ನೂ ಕೇಳಬೇಕು. ಕಡತ ಬರೆಯುವ ಅಧಿಕಾರಿ ಕೆಟ್ಟವನೇ ಆಗಿರಬೇಕಿಲ್ಲ. ಅವನು ಹೇಳುತ್ತಾನೆ: "ಸ್ವಾಮಿ, ದೊಡ್ಡ ದೇಶಗಳು ಮಾನವ ಹಕ್ಕನ್ನು ಬೆತ್ತ ಮಾಡಿಕೊಂಡಿವೆ. ತಮಗೆ ಬೇಕಾದಾಗ ಬಡದೇಶದ ಬೆನ್ನಿಗೆ ಬೀಸುತ್ತವೆ. ನಾವೇ ನಮ್ಮ ಬೆನ್ನು ಬಿಚ್ಚಿ ಕೊಡಬೇಕೇನು?" ಇದು ತೆಗೆದುಹಾಕುವ ಮಾತಲ್ಲ. ಡರ್ಬನ್ನಿನಲ್ಲೇ ನೋಡಿ. ಗುಲಾಮಗಿರಿಯ ಪಾಪ ತಲೆ ಮೇಲೆ ಇದ್ದ ಅಮೆರಿಕ, ಇಸ್ರೇಲಿನ ಬಗೆಗಿನ ಮಾತುಗಳಿಗೆ ಮುನಿದು, ಇಸ್ರೇಲಿನ ಜತೆ ಸೆಪ್ಟೆಂಬರ್ 3ರಂದು ಸಭೆಯನ್ನೇ ಬಿಟ್ಟು ನಡೆಯಿತು. ನಮ್ಮ ದುಃಖವನ್ನು ಬಿಳಿಯರ ಚಾವಡಿಗೆ ಒಯ್ದರೆ ಅವರು ಕಣ್ಣೀರು ಒರೆಸುತ್ತಾರೆ ಎಂಬ ಭ್ರಮೆ ನಮಗಿಲ್ಲ. ನಮ್ಮ ಊರಿನ ಬಾವಿಯನ್ನು ಜಿನೀವಾದವರು ಬಂದು ಬಿಡಿಸಿಕೊಡುವುದಿಲ್ಲ. ಬಿಂದಿಗೆ ಹಿಡಿದು ನಾವೇ ಇಳಿಯಬೇಕು. 1927ರಲ್ಲಿ ಮಹಾಡಿನ ಕೆರೆಗೆ ಇಳಿದಂತೆ.

ಆದರೆ ಅಧಿಕಾರಿಯ ಮಾತಿನಲ್ಲಿ ಒಂದು ತಪ್ಪು ಇದೆ. ‘ನಮ್ಮ ಬೆನ್ನು’ ಎಂದು ಅವನು ಹೇಳುವ ಬೆನ್ನು ಅವನದಲ್ಲ. ಬಾಸುಂಡೆ ಎದ್ದ ಬೆನ್ನು ಬೇರೆಯವರದು. ಬೆನ್ನು ಯಾರದೋ ಅವರೇ ಅದನ್ನು ತೋರಿಸಲು ಸಿದ್ಧರಿದ್ದರು. ತೋರಿಸುವುದಕ್ಕೆಂದೇ ಸಮುದ್ರ ದಾಟಿ ಹೋಗಿದ್ದರು. ಅದರ ಮೇಲೆ ಅಂಗಿ ಎಳೆದದ್ದು ಹೊಡೆತ ತಿನ್ನದವರ ಕೈ. ಹಾಗಾದರೆ ಉಳಿದದ್ದು ಯಾರ ಮಾನ? ಪಟೇಲರ "ಅಣ್ತಮ್ಮಂದ್ರಂಗೆ ಇದ್ದೀವಿ" ಅನ್ನುವ ಮಾತಿನಲ್ಲಿ ಉಳಿಯುತ್ತಿದ್ದದ್ದು ಊರಿನ ಮಾನವೋ ಪಟೇಲರ ಮಾನವೋ?

ಯಾರ ಪರ ಯಾರು ಮಾತಾಡಬೇಕು ಎಂಬ ಈ ಜಗಳ ಹೊಸದಲ್ಲ. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ದಲಿತರ ಪರವಾಗಿ ಬಾಬಾಸಾಹೇಬರೂ ರೆಟ್ಟಮಲೈ ಶ್ರೀನಿವಾಸನ್ ಅವರೂ ಹೋದರು. 1931ರ ಎರಡನೇ ಪರಿಷತ್ತಿಗೆ ಗಾಂಧೀಜಿ ಬಂದು ಅಸ್ಪೃಶ್ಯರ ನಿಜವಾದ ಪ್ರತಿನಿಧಿ ತಾನೇ ಎಂದರು. ದೇಶದ ಹೊರಗೆ ದೇಶ ಒಂದೇ ಬಾಯಲ್ಲಿ ಮಾತಾಡಬೇಕು ಎಂಬ ಒತ್ತಡ ಆಗಲೂ ಇತ್ತು. ಬಾಬಾಸಾಹೇಬರು ಅದಕ್ಕೆ ಬಗ್ಗಲಿಲ್ಲ. ಬ್ರಿಟಿಷರ ಏಜೆಂಟ್ ಎಂದು ಬೈಸಿಕೊಂಡರು. ಆದರೆ ಅವರು ಆ ಪರಿಷತ್ತಿನಲ್ಲೇ ಬ್ರಿಟಿಷರ ಆಳ್ವಿಕೆಯಿಂದ ಅಸ್ಪೃಶ್ಯರಿಗೆ ಏನೂ ಆಗಲಿಲ್ಲ ಎಂದು ಬ್ರಿಟಿಷರ ಮುಖಕ್ಕೆ ಹೇಳಿದವರು. ಹೊರಗಿನವನ ಮುಂದೆ ಮನೆಯ ಅನ್ಯಾಯವನ್ನೂ ಹೇಳಬಹುದು, ಹೊರಗಿನವನ ಅನ್ಯಾಯವನ್ನೂ ಅವನಿಗೇ ಹೇಳಬಹುದು. ಎರಡೂ ಒಂದೇ ಬಾಯಿಗೆ ಸಾಧ್ಯ ಎಂದು ತೋರಿಸಿದರು. ಮುಂದೆ 1946ರ ಜುಲೈನಲ್ಲಿ ಅವರು ಅಮೆರಿಕದ ಕರಿಯರ ನಾಯಕ ಡುಬೋಯ್ಸ್ ಅವರಿಗೆ ಕಾಗದ ಬರೆದರು. ಅಮೆರಿಕದ ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸಿ, ನಮ್ಮವರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ ಎಂದರು. ಡುಬೋಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಭಾರತ ದಕ್ಷಿಣ ಆಫ್ರಿಕಾದ ವಿರುದ್ಧ ದೂರು ಒಯ್ದ ವರ್ಷವೂ ಅದೇ 1946. ಒಂದೇ ಬಾಗಿಲ ಕಡೆ ಎರಡು ಅರ್ಜಿಗಳು ನಡೆದಿದ್ದವು. ಒಂದಕ್ಕೆ ಸರ್ಕಾರದ ಕಡತ ಇತ್ತು. ಇನ್ನೊಂದಕ್ಕೆ ಒಂದು ಕಾಗದ ಮಾತ್ರ ಇತ್ತು.

ನಮ್ಮವನೇ ಒಬ್ಬ ಮಂತ್ರಿಯಾಗಿ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ನಮಗೆ ಅಷ್ಟು ಧೈರ್ಯ ಇಲ್ಲ. ಕುರ್ಚಿಗೆ ಹೋದ ನಮ್ಮವರಿಗೂ ಅದೇ ಕಡತ ಕೈಗೆ ಬರುತ್ತದೆ. ಅದರಲ್ಲಿ ಇಲ್ಲದ ಮಾತಾಡಿದರೆ ಏನಾಗುತ್ತದೆ ಅನ್ನುವುದನ್ನು ಕರ್ನಾಟಕ 1973ರಲ್ಲೇ ಕಂಡಿದೆ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದದ್ದು ಒಳಗಿನ ಸಭೆಯಲ್ಲೇ, ಮೈಸೂರಿನಲ್ಲೇ. ಅಷ್ಟಕ್ಕೇ ಬೀದಿ ಹೊತ್ತಿ ಉರಿಯಿತು, ನಮ್ಮ ಹುಡುಗರು ಪೆಟ್ಟು ತಿಂದರು, ಅವರ ಮಂತ್ರಿಗಿರಿ ಹೋಯಿತು. ಆದರೆ ಆ ಒಂದು ಮಾತಿನಿಂದ ಎಷ್ಟು ಜನ ಎಚ್ಚೆತ್ತರು ಅನ್ನುವುದಕ್ಕೆ ನಮ್ಮ ಚಳವಳಿಯೇ ಸಾಕ್ಷಿ. ತಯಾರಿ ಇಲ್ಲದೆ ಆಡಿದ ಮಾತು ಕುರ್ಚಿ ಕಳೆಯಿತು, ಕೇರಿಗೆ ಬಾಯಿ ಕೊಟ್ಟಿತು.

ಹಾಗೆಂದು ಸರ್ಕಾರದ ಬಾಯಲ್ಲಿ ಸತ್ಯ ಬರುವುದೇ ಇಲ್ಲ ಎಂದಲ್ಲ. 2006ರ ಡಿಸೆಂಬರ್ 27ರಂದು ದೆಹಲಿಯ ಸಭೆಯೊಂದರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅಸ್ಪೃಶ್ಯತೆಗೆ ಹೋಲಿಕೆ ಇದ್ದರೆ ಅದು ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯೊಂದೇ ಎಂಬರ್ಥದ ಮಾತಾಡಿದರು. ಎರಡೇ ತಿಂಗಳಿಗೆ, 2007ರ ಫೆಬ್ರವರಿಯಲ್ಲಿ, ಅದೇ ಸರ್ಕಾರದ ನಿಯೋಗ ಜಿನೀವಾದಲ್ಲಿ ಸಮಿತಿಯ ಎದುರು ಕೂತು ಜಾತಿ ಈ ಒಪ್ಪಂದದ ವ್ಯಾಪ್ತಿಯಲ್ಲಿಲ್ಲ ಎಂಬ ಹಳೆಯ ಪಾಠವನ್ನೇ ಒಪ್ಪಿಸಿತು. ಪ್ರಧಾನಿಯ ಬಾಯಿಂದ ಬಂದ ಮಾತೂ ಕಡತದೊಳಗೆ ಪ್ರವೇಶ ಪಡೆಯಲಿಲ್ಲ. ಕಡತಕ್ಕೂ ಒಂದು ಗರ್ಭಗುಡಿ ಇದೆ ಅಂತ ಕಾಣುತ್ತದೆ.

ಪಕ್ಕದ ನೇಪಾಳ ನೋಡಿ. ಅಲ್ಲೂ ಜಾತಿ ಇದೆ, ಅಸ್ಪೃಶ್ಯತೆ ಇದೆ, ಬಡತನ ನಮಗಿಂತ ಹೆಚ್ಚು. 2009ರಲ್ಲಿ ನೇಪಾಳದ ಸಚಿವರೊಬ್ಬರು ಜಿನೀವಾಕ್ಕೆ ಹೋಗಿ, ಕಸುಬು ಮತ್ತು ವಂಶದ ಹೆಸರಿನ ತಾರತಮ್ಯವನ್ನು ತೊಡೆಯಲು ಸಿದ್ಧವಾಗುತ್ತಿದ್ದ ವಿಶ್ವಸಂಸ್ಥೆಯ ತತ್ವಗಳಿಗೆ ಬಹಿರಂಗವಾಗಿ ಬೆಂಬಲ ಹೇಳಿದರು. ಅದರಿಂದ ನೇಪಾಳದ ಮಾನ ಹೋಯಿತೇ? ಹಿಮಾಲಯ ಕುಗ್ಗಿತೇ? ಅಲ್ಲಿಯ ದಲಿತರ ಕಷ್ಟವೂ ಒಂದೇ ದಿನಕ್ಕೆ ತೀರಲಿಲ್ಲ, ಅದೂ ನಿಜ. ಆದರೆ ಸರ್ಕಾರ ಹೊರಗೆ ಒಪ್ಪಿಕೊಂಡದ್ದನ್ನು ಜನ ಒಳಗೆ ಹಿಡಿದು ಕೇಳಬಹುದು. "ಅಲ್ಲಿ ಹಾಗೆ ಹೇಳಿ ಬಂದಿರಲ್ಲ, ಇಲ್ಲಿ ಯಾಕೆ ಮಾಡಲಿಲ್ಲ?" ಅಂತ. ಪರದೇಶದಲ್ಲಿ ಆಡಿದ ಸತ್ಯದ ನಿಜವಾದ ಬೆಲೆ ಅದೇ. ಅದು ಬಿಳಿಯರಿಗೆ ಒಪ್ಪಿಸುವ ತಪ್ಪೊಪ್ಪಿಗೆಯಲ್ಲ, ನಮ್ಮ ಜನರ ಕೈಗೆ ಬರೆದುಕೊಡುವ ಸಾಲಪತ್ರ. ಆಡದೆ ಬಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ನಾವು ಕೇಳುವುದು ದೊಡ್ಡದಲ್ಲ. ಮಂತ್ರಿಯನ್ನು ತಯಾರು ಮಾಡಿ, ಬೇಡ ಅನ್ನುವುದಿಲ್ಲ. ಗಡಿಯ ನಕ್ಷೆ ಇಡಿ, ವ್ಯಾಪಾರದ ಲೆಕ್ಕ ಇಡಿ, ಎದುರಿನವರ ಹಿಂದುಮುಂದು ಇಡಿ. ಅದರ ಜತೆಗೆ ಒಂದು ಹಾಳೆ ಇಡಿ. ಅದರಲ್ಲಿ ಕಂಬಾಲಪಲ್ಲಿಯ ಹೆಸರಿರಲಿ, ಸವಣೂರಿನ ಹೆಸರಿರಲಿ. ಕಾನೂನು ಎಲ್ಲಿದೆ, ಎಲ್ಲಿ ಸತ್ತಿದೆ ಎಂದು ಬರೆದಿರಲಿ. ಯಾರೂ ಕೇಳದಿದ್ದರೂ ನಾವಾಗಿ ಎತ್ತಬೇಕಾದ ಮಾತಿನ ಪಟ್ಟಿಗೆ ಅದು ಸೇರಲಿ. ಆ ಹಾಳೆಯನ್ನು ಬರೆಯುವಾಗ ಅದು ಯಾರ ಬದುಕೋ ಅವರನ್ನು ಕೇಳಿ ಬರೆಯಿರಿ. ನಮ್ಮ ದೇಶದಲ್ಲಿ ಈ ರ‍ೋಗ ಇದೆ, ಇಷ್ಟು ಮಾಡಿದ್ದೇವೆ, ಇಷ್ಟು ಸೋತಿದ್ದೇವೆ, ನಿಮ್ಮಲ್ಲೂ ಇಂಥದ್ದಿದೆ, ಬನ್ನಿ ಎಲ್ಲರೂ ಮುಖ ತೊಳೆದುಕೊಳ್ಳೋಣ ಎಂದು ಹೇಳುವ ಮಂತ್ರಿ ಯಾವ ಸಭೆಯಲ್ಲೂ ತಲೆ ತಗ್ಗಿಸಬೇಕಾಗಿಲ್ಲ. ಅಂಥ ಮಂತ್ರಿ ಯಾವ ಜಾತಿಯವನಾದರೂ ಅವನು ಆಡುವ ‘ನಾವು’ ಎಂಬ ಪದದೊಳಕ್ಕೆ ನಾವೂ ಬರುತ್ತೇವೆ.

ಅಲ್ಲಿಯವರೆಗೆ ಆ ‘ನಾವು’ ಬೇರೆ, ಈ ನಾವು ಬೇರೆ. ಸುಣ್ಣ ಗೋಡೆಗೆ ಬಳಿದರೆ ಒಂದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ನಾಲಿಗೆಗೆ ಬಳಿದ ಸುಣ್ಣ ನಾಲಿಗೆಯನ್ನೇ ಸುಡುತ್ತದೆ, ಎಲೆಅಡಿಕೆ ಹಾಕುವ ನಮ್ಮ ಅಜ್ಜಿಯರಿಗೆ ಇದು ಗೊತ್ತು. ಸುಟ್ಟ ನಾಲಿಗೆಗೆ ಕೊನೆಗೆ ಯಾವ ರುಚಿಯೂ ತಿಳಿಯುವುದಿಲ್ಲ, ಸತ್ಯದ ರುಚಿಯೂ.